ಸಿರಿಲೋ ಜಾರ್ವಿಸನ ಮುಚ್ಚಳ

ಸಕ್ಕರೆ ಕಾರ್ಖಾನೆಯ ಗೇಟು ಕಾಯುವವನಿಗೆ ಸಂಶಯ ಸಂಬಳದ ಜೊತೆಗೇ ಬರುತ್ತದೆ. ನನಗೂ ಹಾಗೇ ಬಂತು, ಸಂಬಳ ನಿಂತ ಮೇಲೂ ಉಳಿದುಕೊಂಡಿತು. ಊಟದ ಡಬ್ಬಿಯಲ್ಲಿ ಸಕ್ಕರೆ ಒತ್ತಿಕೊಂಡು ಹೊರಟವರನ್ನು, ಪ್ಯಾಂಟಿನೊಳಗೆ ಹಿತ್ತಾಳೆ ಕೊಳವೆ ಇಳಿಬಿಟ್ಟುಕೊಂಡು ಕುಂಟುತ್ತ ಬಂದವರನ್ನು ಹಿಡಿದವನು ನಾನು. ಇಂಥವನು ಮನೆಯಲ್ಲಿ ಕೂತರೆ ಪೂಜೆಯಲ್ಲಿ ಪಾದ್ರಿ ಕೊಡುವ ರೊಟ್ಟಿಯನ್ನೂ ತಿರುಗಿಸಿ ನೋಡುತ್ತಾನೆ ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ. ನೋಡಿದರೆ ತಪ್ಪೇನು ಎಂದು ನಾನು ಕೇಳುತ್ತೇನೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ಇರಬಹುದು. ಆದರೆ ಊರಲ್ಲಿ ಎಲ್ಲರನ್ನೂ ಅನುಮಾನಿಸಿದ ನಾನು, ಪಕ್ಕದ ಕುರ್ಚಿಯಲ್ಲೇ ಕೂತಿದ್ದ ಒಬ್ಬನನ್ನು ಮಾತ್ರ ಅನುಮಾನಿಸದೆ ಬಿಟ್ಟಿದ್ದೆ. ಅವನು ಸಿರಿಲೋ ಜಾರ್ವಿಸ್. ನನ್ನ ಮಗಳ ದೀಕ್ಷಾಸ್ನಾನದಲ್ಲಿ ಅವಳನ್ನು ತೊಟ್ಟಿಯ ಮೇಲೆ ಎತ್ತಿ ಹಿಡಿದ ಧರ್ಮಪಿತ ಅವನೇ. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ. ಆ ನಂಟು ಬೆಳೆದ ಮೇಲೆ ನಮ್ಮಲ್ಲಿ ಏಕವಚನ ನಿಲ್ಲುತ್ತದೆ. ಅಣ್ಣತಮ್ಮಂದಿರು ಹೋಗೋ ಬಾರೋ ಅಂದುಕೊಳ್ಳಬಹುದು, ಕೊಂಪಾದ್ರೆಗಳು ಅನ್ನುವಂತಿಲ್ಲ.

ಸಾಂತಾ ಬ್ರಿಹಿದಾ ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಚಿಮಣಿಯಲ್ಲಿ ಹೊಗೆಯಿಲ್ಲ, ರೈಲು ಹಳಿಯ ಮೇಲೆ ಆಡು ಮೇಯುತ್ತವೆ. ಆದರೆ ಕಾರ್ಖಾನೆಯ ಬೇಸ್‌ಬಾಲ್ ತಂಡ ಇನ್ನೂ ಇದೆ, ಅದರ ಮೈದಾನ ಇದೆ, ದೋನ್ಯಾ ವಿಂದಾಳ ಅಂಗಡಿಯ ಮುಂದಿನ ಬಾದಾಮಿ ಮರದ ಕೆಳಗೆ ನಾವಿದ್ದೇವೆ. ಬೆಳಿಗ್ಗೆ ಕಾಫಿ, ಆಮೇಲೆ ಡೊಮಿನೊ ಆಟ, ಅದರ ನಡುನಡುವೆ ಬೇಸ್‌ಬಾಲಿನ ಜಗಳ. ಸಿರಿಲೋ ಅಲ್ಲೇ ಒಂದು ಮಣೆಯ ಮೇಲೆ ಕೂತು ಹರಿದ ಗ್ಲೌಸುಗಳನ್ನು ಹೊಲಿಯುತ್ತಿದ್ದ. ಮೇಣ ಹಚ್ಚಿದ ದಾರ, ದಬ್ಬಳ, ತೊಡೆಯ ಮೇಲೊಂದು ಚರ್ಮದ ತುಂಡು, ಅಷ್ಟೇ ಅವನ ಅಂಗಡಿ. ಈ ಪ್ರಾಂತದಲ್ಲಿ ಚೆಂಡು ಹಿಡಿಯುವ ಯಾವ ಹುಡುಗನ ಗ್ಲೌಸು ತೆಗೆದುಕೊಂಡರೂ ಅದರಲ್ಲಿ ಅವನ ಕೈಯ ಒಂದು ಹೊಲಿಗೆ ಇರುತ್ತದೆ.

ಮಾತು ಕಡಿಮೆ. ಉದ್ದನೆಯ ಕಡ್ಡಿ ದೇಹ, ಮೊಳಕೈಯಲ್ಲಿ ಹಳೆಯ ಗಾಯದ ಗಂಟು. ಅವನ ಅಪ್ಪ ಪಕ್ಕದ ಯಾವುದೋ ದ್ವೀಪದಿಂದ ಕಬ್ಬು ಕಡಿಯಲು ದೋಣಿಯಲ್ಲಿ ಬಂದವನು. ಮಗ ಹುಟ್ಟಿದ್ದು ಕಬ್ಬಿನ ಗದ್ದೆಗಳ ನಡುವಿನ ಕೂಲಿಕಾರರ ಕೇರಿಯಲ್ಲಿ, ಬತೇಯ್ ಪಲೋಮಾದಲ್ಲಿ. ಹದಿನೇಳನೇ ವಯಸ್ಸಿಗೆ ಅಮೇರಿಕದ ಒಂದು ಕ್ಲಬ್ಬು ಅವನನ್ನು ಕರೆಸಿಕೊಂಡಿತು. ಒಂದು ಬೇಸಿಗೆ ಆಡುವಷ್ಟರಲ್ಲಿ ಮೊಳಕೈ ಹೋಯಿತು, ವಾಪಸು ಕಳಿಸಿದರು. ಮೊಳಕೈ ವಾಸಿಯಾದ ಮೇಲೆ ನಮ್ಮ ಕಾರ್ಖಾನೆ ಸೇರಿ ಬಾಯ್ಲರಿಗೆ ಕಬ್ಬಿನ ಸಿಪ್ಪೆ ತುಂಬುತ್ತ, ಭಾನುವಾರ ಭಾನುವಾರ ನಮ್ಮ ತಂಡಕ್ಕೆ ಆಡಿದ. ಎರಡನೇ ಬೇಸು ಮೂರನೇ ಬೇಸುಗಳ ನಡುವೆ ನಿಲ್ಲುವವನನ್ನು ಶಾರ್ಟ್‌ಸ್ಟಾಪ್ ಅನ್ನುತ್ತೇವೆ. ಅಲ್ಲಿ ಅವನು ನಿಂತಿದ್ದರೆ ಆ ಕಡೆ ಹೊಡೆದ ಚೆಂಡನ್ನು ಮರೆತುಬಿಡಬಹುದಿತ್ತು. ಹದಿನೇಳಕ್ಕೆ ಅಮೇರಿಕ ಕಂಡವನು ನಮ್ಮ ತಂಡದಲ್ಲಿ ಇನ್ನೊಬ್ಬನಿಲ್ಲ, ಊರಿಗೇ ಅದೊಂದು ಹೆಮ್ಮೆ. ಇದು ನಮಗೆಲ್ಲ ಗೊತ್ತಿದ್ದ ಸಿರಿಲೋನ ಕಥೆ.

ಈ ವರ್ಷ ತಂಡಕ್ಕೆ ಎಪ್ಪತ್ತೈದು ತುಂಬಿತು. ಮೈದಾನದ ಹಿಂದಿನ ಗೋಡೆಯ ಮೇಲೆ ತಂಡದ ಚರಿತ್ರೆಯಲ್ಲೇ ಶ್ರೇಷ್ಠರಾದ ಒಂಬತ್ತು ಮಂದಿಯ ಚಿತ್ರ ಬರೆಸುವುದಾಗಿ ಪುರಸಭೆ ಸಾರಿತು. ಒಂದನೇ ಸ್ಥಾನದಿಂದ ಒಂಬತ್ತನೇ ಸ್ಥಾನದವರೆಗೆ ಕ್ರಮವಾಗಿ, ಹೆಸರು, ಹುಟ್ಟಿದ ವರ್ಷ, ಮಾಡಿದ ಸಾಧನೆ ಸಹಿತ. ಆರಿಸುವ ಕೆಲಸ ಬಾದಾಮಿ ಮರದ ಕೆಳಗಿನವರಿಗೆ. ಚುನಾವಣೆ ಹತ್ತಿರ ಬಂದಾಗ ಪುರಸಭೆಗೆ ಗೋಡೆಗಳು ಕಾಣಿಸುತ್ತವೆ ಎಂದು ನಾನು ಆಗಲೇ ಹೇಳಿದೆ.

ನಮ್ಮ ಕಟ್ಟೆಯ ಪದ್ಧತಿ ಹೀಗೆ: ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಒಂಬತ್ತು ಮನೆ ಗೀಚುತ್ತೇವೆ. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಬಾಟಲಿ ಮುಚ್ಚಳ, ಒಳಗೆ ಮೊಳೆಯಲ್ಲಿ ಕೊರೆದ ಹೆಸರು. ಮುಚ್ಚಳವನ್ನು ಮೇಲೆ ಸರಿಸಬೇಕಾದರೆ ಕಾರಣ ಹೇಳಬೇಕು, ಕೆಳಗಿಳಿಯುವವನ ಕಡೆಯವರು ಒಪ್ಪಬೇಕು. ಒಪ್ಪದಿದ್ದರೆ ಜಗಳ, ಜಗಳ ಹೆಚ್ಚಾದರೆ ದೋನ್ಯಾ ವಿಂದಾ ಪೊರಕೆ ಹಿಡಿದು ಬರುತ್ತಾಳೆ. ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಅಂಗಡಿಯ ಬಾಗಿಲು ಅರ್ಧ ಎಳೆದು ಮಲಗುತ್ತಾಳೆ. ನಾವು ಮೇಜಿನ ಮೇಲೆ ಎಣ್ಣೆಬಟ್ಟೆ ಹೊದಿಸಿ, ಮೇಲೊಂದು ಕಲ್ಲಿಟ್ಟು ಮನೆಗೆ ಹೋಗುತ್ತೇವೆ. ಮುಚ್ಚಳ ಮುಟ್ಟುವವನು ತನ್ನ ತಾಯಿಯನ್ನು ಬೈದಂತೆ, ಇದು ಹಳೆಯ ಕಟ್ಟಳೆ.

ಮೊದಲ ಎರಡು ಸ್ಥಾನಗಳಿಗೆ ತಕರಾರಿರಲಿಲ್ಲ, ಸತ್ತವರಿಗೆ ಶತ್ರುಗಳು ಕಡಿಮೆ. ಮೂರನೆಯದು ಸಿರಿಲೋ ಎಂದು ನಾನು ಮಂಡಿಸಿದೆ. ನಾಲ್ಕನೆಯದು ಅಮಾನ್ಸಿಯೋ, ಚೆಂಡೆಸೆಯುವ ಪಿಚರ್. ಅವನನ್ನು ಮೂರಕ್ಕೆ ಏರಿಸಬೇಕೆಂದು ಹಟ ಹಿಡಿದವನು ಅವನ ತಮ್ಮ ತೆಯೋದುಲೋ, ಕಬ್ಬಿನ ರೈಲು ಓಡಿಸಿ ನಿವೃತ್ತನಾದವನು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಒಡಹುಟ್ಟಿದವರಿಗೂ ಅದೇ. ಅಮಾನ್ಸಿಯೋ ಒಳ್ಳೆಯ ಪಿಚರ್, ಸುಳ್ಳು ಹೇಳಬಾರದು. ಆದರೆ ತೆಯೋದುಲೋನ ಬಾಯಲ್ಲಿ ಅವನು ಎಸೆದ ಚೆಂಡು ವರ್ಷದಿಂದ ವರ್ಷಕ್ಕೆ ವೇಗ ಹೆಚ್ಚಿಸಿಕೊಳ್ಳುತ್ತಿತ್ತು.

ಮತ್ತೆ ಸಿರಿಲೋ? ಅವನು ಗ್ಲೌಸಿನಿಂದ ತಲೆಯೆತ್ತದೆ, ಸಿರಿಲೋನನ್ನು ಬಿಟ್ಟುಬಿಡಿ, ಅವನು ಬೇಡ ಎಂದ. ಇನ್ಯಾರೋ ಹೊರಗಿನವನ ಬಗ್ಗೆ ಹೇಳಿದ ಹಾಗೆ. ರಾಜಕಾರಣಿಗಳು ತಮ್ಮ ಹೆಸರನ್ನು ತಾವೇ ಹೀಗೆ ಹೇಳಿಕೊಳ್ಳುವುದನ್ನು ಕೇಳಿದ್ದೇನೆ, ಸಿರಿಲೋಗೆ ಯಾವಾಗ ಈ ಚಾಳಿ ಹತ್ತಿತು ಎಂದು ಎಲ್ಲರೂ ನಕ್ಕರು. ಬೇಡ ಅನ್ನುವವನಿಗೆ ಎರಡು ಸೌಟು ಹೆಚ್ಚು ಬಡಿಸುವುದು ನಮ್ಮ ಕಡೆ ವಾಡಿಕೆ. ಅವನ ಮುಚ್ಚಳ ಮೂರರಲ್ಲೇ ನಿಂತಿತು.

ಅದೇ ಮಧ್ಯಾಹ್ನ ಅದು ಮಾಯವಾಯಿತು.

ಊಟ ಮುಗಿಸಿ ಬಂದು ಎಣ್ಣೆಬಟ್ಟೆ ಎತ್ತಿದರೆ ಮೂರನೇ ಮನೆ ಖಾಲಿ. ಉಳಿದ ಎಂಟೂ ಇದ್ದಲ್ಲೇ ಇವೆ. ಕೋಳಿ ಹೆಕ್ಕಿರಬೇಕು ಎಂದಳು ದೋನ್ಯಾ ವಿಂದಾ. ಕಲ್ಲು ಎತ್ತಿ, ಬಟ್ಟೆ ಸರಿಸಿ, ಒಂದೇ ಮುಚ್ಚಳ ಹೆಕ್ಕಿ, ಮತ್ತೆ ಬಟ್ಟೆ ಹೊದಿಸಿ ಕಲ್ಲಿಡುವ ಕೋಳಿಯನ್ನು ನಾನು ಕಂಡಿಲ್ಲ ಎಂದೆ. ಹೊಸ ಮುಚ್ಚಳಕ್ಕೆ ಹೆಸರು ಕೊರೆದು ಇಟ್ಟೆವು. ಮರುದಿನ ಮಧ್ಯಾಹ್ನ ಅದೂ ಇಲ್ಲ.

ಮೂರು ಖಾಲಿಯಾದರೆ ಲಾಭ ಯಾರಿಗೆ? ನಾಲ್ಕಕ್ಕೆ. ಇದನ್ನು ತಿಳಿಯಲು ಗೇಟು ಕಾದಿರಬೇಕಾಗಿಲ್ಲ. ಕೆಲವರಿಗೆ ರೈಲು ಬಿಟ್ಟರೂ ಕೈಯ ಚಪಲ ಬಿಡುವುದಿಲ್ಲ ಎಂದು ನಾನು ಮರಕ್ಕೆ ಹೇಳುವಂತೆ ಹೇಳಿದೆ. ತೆಯೋದುಲೋನ ಕೈ ತಟ್ಟನೆ ತನ್ನ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಅವನು ಎದ್ದು ನಿಂತ.

"ಎಲಾಡಿಯೋ, ನೀನು ನನ್ನನ್ನ ಕಳ್ಳ ಅಂತಿದೀಯ. ನನಗೆ ಗೊತ್ತು ಇದು ಯಾರ ಕೆಲಸ ಅಂತ. ಕದ್ದೋನು ನೀನೇ. ನನ್ನ ಮೇಲೆ ಹೊರಿಸಿ, ಅಯ್ಯೋ ಪಾಪ ಸಿರಿಲೋ ಅಂತ ಎಲ್ಲರ ಕೈಲೂ ಅನ್ನಿಸಿ, ನಿನ್ನ ಕೊಂಪಾದ್ರೆನ ಒಂದನೇ ಜಾಗಕ್ಕೆ ಕೂರಿಸೋ ಪ್ಲಾನು."

ನಿಜ ಹೇಳಬೇಕೆಂದರೆ ಅಷ್ಟು ಚೆನ್ನಾದ ಯೋಚನೆ ನನಗೆ ಹೊಳೆದಿರಲಿಲ್ಲ. ಅಂಥದ್ದು ಹೊಳೆದವನ ಮೇಲೆ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಅಂದಿನಿಂದ ಕಟ್ಟೆಯಲ್ಲಿ ಯಾರೂ ಯಾರಿಗೂ ಬೆನ್ನು ತೋರಿಸಿ ಕೂರಲಿಲ್ಲ. ಡೊಮಿನೊ ಆಡುವಾಗಲೂ ಜೊತೆಗಾರನ ಕಣ್ಣಿಗಿಂತ ಅವನ ಕೈಯನ್ನೇ ನೋಡುತ್ತಿದ್ದೆವು. ದೋನ್ಯಾ ವಿಂದಾ ತನ್ನ ಗಾಜಿನ ಡಬ್ಬಿಗಳನ್ನು ಒಳಗಿಟ್ಟುಕೊಂಡಳು. ಮುಚ್ಚಳ ಕದಿಯುವವನು ಮಿಠಾಯಿ ಬಿಡುತ್ತಾನೆಯೇ ಎಂಬುದು ಅವಳ ಲೆಕ್ಕ. ಸಿರಿಲೋ ಮಾತ್ರ ದಾರಕ್ಕೆ ಮೇಣ ಉಜ್ಜುತ್ತ, ಹೋದರೆ ಹೋಗಲಿ ಬಿಡಿ, ಮತ್ತೆ ಇಡಬೇಡಿ ಎನ್ನುತ್ತಿದ್ದ. ನಾವು ಮೂರನೇ ಬಾರಿಗೆ ಮುಚ್ಚಳ ಇಟ್ಟೆವು.

ಆ ಮಧ್ಯಾಹ್ನ ನಾನು ಮನೆಗೆ ಹೋಗಲಿಲ್ಲ. ದೋನ್ಯಾ ವಿಂದಾಳ ಅಂಗಡಿಯೊಳಗೆ ಅಕ್ಕಿ ಮೂಟೆಗಳ ಹಿಂದೆ ಕೂತೆ. ರಮ್ಮಿನ ಬಾಟಲಿಗಳಿದ್ದ ಕಡೆಯೇ ಯಾಕೆ ಕೂರಬೇಕು ಎಂದು ಅವಳಿಗೆ ನನ್ನ ಮೇಲೇ ಅನುಮಾನ. ಮಲಗದೆ ಅವಳೂ ನನ್ನನ್ನು ಕಾಯುತ್ತ ಕೂತಳು. ಬೀದಿಯಲ್ಲಿ ನಾಯಿ ಕೂಡ ಅಲ್ಲಾಡುತ್ತಿರಲಿಲ್ಲ. ತೆಯೋದುಲೋನ ಚಪ್ಪಲಿಯ ಸದ್ದಿಗೆ ನಾನು ಕಿವಿ ನೆಟ್ಟಿದ್ದೆ.

ಬಂದವನು ಸಿರಿಲೋ.

ಅತ್ತಿತ್ತ ನೋಡಲಿಲ್ಲ, ಅವಸರವೂ ಮಾಡಲಿಲ್ಲ. ಕಲ್ಲನ್ನು ಪಕ್ಕಕ್ಕಿಟ್ಟು, ಬಟ್ಟೆ ಮಡಚಿ, ತನ್ನ ಮುಚ್ಚಳವನ್ನು ಎತ್ತಿಕೊಂಡ. ಒಳಗಿನ ಹೆಸರನ್ನು ಹೆಬ್ಬೆರಳಿನಿಂದ ಸವರಿ ಅಂಗಿಯ ಜೇಬಿಗೆ ಹಾಕಿಕೊಂಡ. ಬಟ್ಟೆ ಹೊದಿಸಿ ಕಲ್ಲಿಟ್ಟು, ಬಂದ ದಾರಿಯಲ್ಲೇ ಹೊರಟ. ದೋನ್ಯಾ ವಿಂದಾ ಶಿಲುಬೆಯ ಗುರುತು ಹಾಕಿಕೊಂಡು ನನ್ನ ಮುಖ ನೋಡಿದಳು. ನನಗೆ ಮೈಯೆಲ್ಲ ಉರಿಯಿತು. ಇವನಿಗಾಗಿ ನಾನು ತೆಯೋದುಲೋನಂಥ ಹಳೇ ಗೆಳೆಯನ ಬಾಯಲ್ಲಿ ಕಳ್ಳ ಅನ್ನಿಸಿಕೊಂಡೆನಲ್ಲ.

ಯಾಕೆ ಮಾಡಿದ? ಎರಡು ಬಾರಿ ಬೇಡ ಎಂದು ಮೂರನೇ ಬಾರಿ ಕಾಲಿಗೆ ಬೀಳಿಸಿಕೊಳ್ಳುವ ಆಸೆಯೇ? ಹಾಗಿದ್ದರೆ ಮುಚ್ಚಳ ಕದಿಯುವ ಗೋಜು ಯಾಕೆ? ಗೋಡೆಯ ಮೇಲೆ ಹೆಸರು ಬರಬಾರದು ಅನ್ನುವವನು ಯಾವುದಕ್ಕೋ ಹೆದರಿರಬೇಕು. ಒಂದೊಂದಾಗಿ ನೆನಪಾಗತೊಡಗಿತು. ಹುಟ್ಟುಹಬ್ಬದ ದಿನ ಇವನು ಯಾವತ್ತೂ ಮನೆಯಲ್ಲಿ ಇರುತ್ತಿರಲಿಲ್ಲ. ಮಕ್ಕಳು ಕೇಕು ತಂದಿಟ್ಟು ಕಾಯುತ್ತಿದ್ದರು, ಇವನು ಕತ್ತಲಾದ ಮೇಲೆ ಬೂಟಿಗೆ ಕೆಂಪು ಮಣ್ಣು ಮೆತ್ತಿಕೊಂಡು ಬರುತ್ತಿದ್ದ. ಚಿಕ್ಕಂದಿನ ಕಥೆ ಕೇಳಿದರೆ ದಾರ ಕಚ್ಚಿ ಹರಿಯುತ್ತಿದ್ದ. ಒಬ್ಬ ಅಣ್ಣ ಇದ್ದನಂತೆ, ರುಫಿನೋ ಅಂತ, ಇಪ್ಪತ್ತರ ಹರೆಯದಲ್ಲಿ ಸತ್ತನಂತೆ. ಅದರಾಚೆ ಒಂದು ಮಾತಿಲ್ಲ. ಇಷ್ಟು ವರ್ಷ ಇದನ್ನೆಲ್ಲ ನೋಡಿಯೂ ನೋಡದೆ ಇದ್ದೆನಲ್ಲ, ನಾನೆಂಥ ಕಾವಲುಗಾರ ಎಂದು ನನ್ನ ಮೇಲೂ ಸಿಟ್ಟು ಬಂತು.

ದೂರದಿಂದ ಹಿಂಬಾಲಿಸಿದೆ. ಅವನು ಮನೆಯ ಕಡೆ ತಿರುಗಲಿಲ್ಲ. ಹೆದ್ದಾರಿಯಲ್ಲಿ ವ್ಯಾನು ಹತ್ತಿದ. ನಾನು ಬಾಡಿಗೆ ಮೋಟಾರ್‌ಸೈಕಲ್ಲಿನ ಹಿಂದೆ ಕೂತು, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು, ವ್ಯಾನಿನ ಹಿಂದೆ ಬಿಡು ಎಂದೆ. ಓಡಿಹೋಗುತ್ತಿರುವುದು ಯಾರ ಹೆಂಡತಿ ಎಂದು ಕೇಳಿದ ಗಾಡಿಯವನು. ಬಾಯಿ ಮುಚ್ಚಿಕೊಂಡು ಓಡಿಸು ಎಂದೆ.

ಸಿರಿಲೋ ಇಳಿದದ್ದು ಬತೇಯ್ ಪಲೋಮಾದ ತಿರುವಿನಲ್ಲಿ. ಅರ್ಧ ಮನೆಗಳಿಗೆ ಸೂರಿಲ್ಲ, ಉಳಿದವುಗಳಲ್ಲಿ ಇರುವವರು ಹೊಸಬರು, ಹಳೆಯ ಕೂಲಿಕಾರರು ಎಂದೋ ಚದುರಿಹೋಗಿದ್ದಾರೆ. ಕೇರಿಯನ್ನು ದಾಟಿ, ಕಬ್ಬಿನ ನಡುವಿನ ಕಾಲುದಾರಿಯಲ್ಲಿ ಸ್ಮಶಾನಕ್ಕೆ ಹೋದ. ಮರದ ಶಿಲುಬೆಗಳು, ಮೊಣಕಾಲೆತ್ತರದ ಹುಲ್ಲು. ಒಂದು ಶಿಲುಬೆಯ ಸುತ್ತ ಮಾತ್ರ ನೆಲ ಚೊಕ್ಕಟವಾಗಿತ್ತು. ಅವನು ಕಷ್ಟಪಟ್ಟು ಮಂಡಿಯೂರಿ, ಜೇಬಿನಿಂದ ಮುಚ್ಚಳಗಳನ್ನು ತೆಗೆದ. ಮೂರನ್ನೂ ಗೋರಿಯ ಮಣ್ಣಿನಲ್ಲಿ ಸಾಲಾಗಿ ಒತ್ತಿದ. ಪುಟ್ಟ ಹುಡುಗರು ಆಟಕ್ಕೆ ಜೋಡಿಸಿಡುವಂತೆ.

ನಾನು ಹಿಂದಿನಿಂದ ಹೋಗಿ ಶಿಲುಬೆಯನ್ನು ಓದಿದೆ. ರುಫಿನೋ ಜಾರ್ವಿಸ್ ಎಂದಿತ್ತು. ಅಣ್ಣನ ಗೋರಿ, ಸರಿ. ಇಷ್ಟಕ್ಕೇ ನಾಚಿ ಹಿಂದಿರುಗುತ್ತಿದ್ದೆನೇನೋ. ಆದರೆ ಗೇಟಿನಿಂದ ಹೊರಹೋಗುವವನ ಮೈಗೂ ಅಂಗಿಗೂ ಹೊಂದುತ್ತದೆಯೇ ಎಂದು ನೋಡುವುದು ನನ್ನ ಕಣ್ಣಿನ ಅಭ್ಯಾಸ. ಗೋರಿಯ ಉದ್ದ ಒಂದು ತೊಟ್ಟಿಲಿನಷ್ಟಿತ್ತು.

"ಕೊಂಪಾದ್ರೆ," ಎಂದೆ, "ಇಪ್ಪತ್ತು ವರ್ಷದ ಹುಡುಗನ್ನ ಇಷ್ಟು ಗಿಡ್ಡ ಗುಂಡೀಲಿ ಹೇಗೆ ಮಲಗಿಸಿದ್ರಿ?"

ಅವನು ಬೆಚ್ಚಿಬೀಳಲಿಲ್ಲ. "ಮೋಟಾರ್‌ಸೈಕಲ್ ನೋಡಿದೆ. ನೀವೇ ಇರಬೇಕು ಅಂದ್ಕೊಂಡೆ," ಎಂದ. ಆಮೇಲೆ ಗೋರಿಯ ಮೇಲೆ ಕೈಯಿಟ್ಟು, "ಇವನು ಸಿರಿಲೋ. ನಾಲ್ಕು ವರ್ಷದ ಮಗು. ರುಫಿನೋ ನಾನು," ಎಂದ.

ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ. ಅವನು ನಿಧಾನವಾಗಿ, ಗ್ಲೌಸು ಹೊಲಿಯುವ ಗತಿಯಲ್ಲೇ, ಹೇಳುತ್ತ ಹೋದ. ಬತೇಯ್‌ನಲ್ಲಿ ಆಗ ಹೆರಿಗೆಗಳು ಸರಕಾರದ ಕಿವಿಗೆ ಮುಟ್ಟುತ್ತಿರಲಿಲ್ಲ. ದೊಡ್ಡವನು ರುಫಿನೋ ಹುಟ್ಟಿದ್ದಕ್ಕೆ ಯಾವ ಕಾಗದವೂ ಇರಲಿಲ್ಲ. ಮೂರು ವರ್ಷಕ್ಕೆ ಚಿಕ್ಕವನು ಹುಟ್ಟಿದಾಗ ಮಾತ್ರ ಕ್ರೈಸ್ತ ಸನ್ಯಾಸಿನಿಯರ ಜೊತೆ ಒಬ್ಬ ಗುಮಾಸ್ತ ಬಂದಿದ್ದ, ಸಿರಿಲೋಗೆ ಜನನಪತ್ರ ಸಿಕ್ಕಿತು. ನಾಲ್ಕು ವರ್ಷಕ್ಕೆ ಅವನು ಜ್ವರ ಬಂದು ಹೋದ. ಕಟಾವಿನ ಕಾಲ, ಕಚೇರಿ ದೂರ, ಸಾವನ್ನು ಬರೆಸಲು ಯಾರೂ ಹೋಗಲಿಲ್ಲ. ಹುಡುಗ ಮಣ್ಣಿನಲ್ಲಿ, ಅವನ ಪತ್ರ ಅವ್ವನ ಪೆಟ್ಟಿಗೆಯಲ್ಲಿ.

ರುಫಿನೋಗೆ ಇಪ್ಪತ್ತಾದಾಗ ಅಮೇರಿಕದ ಕ್ಲಬ್ಬಿನ ದಲ್ಲಾಳಿ ಅವನ ಆಟ ನೋಡಿ ಮೆಚ್ಚಿದ. ಆದರೆ ಇಪ್ಪತ್ತರವನು ಅವರಿಗೆ ಬಲಿತ ಕಾಯಿ, ಬೇಡ. ಹದಿನೇಳಿರಬೇಕು, ಕಾಗದ ಇರಬೇಕು. ಅವ್ವ ಪೆಟ್ಟಿಗೆ ತೆರೆದು ಚಿಕ್ಕವನ ಪತ್ರವನ್ನು ದೊಡ್ಡವನ ಕೈಗಿಟ್ಟಳು. ಇದರಲ್ಲಿ ಆಶ್ಚರ್ಯವೇನಿಲ್ಲ. ತಮ್ಮನದೋ ಚಿಕ್ಕಪ್ಪನ ಮಗನದೋ ಕಾಗದ ಹಿಡಿದು ಆಡಲು ಹೋದವರು ನಮ್ಮಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಆದರೆ ಭಾನುವಾರ ಕ್ಲಬ್ಬಿನ ಕಡೆಯವನೊಬ್ಬ ವಿಚಾರಣೆಗೆ ಬರುತ್ತಾನೆ, ಸ್ಮಶಾನವನ್ನೂ ನೋಡುತ್ತಾನೆ ಎಂದು ಸುದ್ದಿ ಬಂತು. ಶಿಲುಬೆಯ ಮೇಲೆ ಸಿರಿಲೋ ಹೆಸರಿತ್ತು. ಶನಿವಾರ ಅವ್ವ ಸುಣ್ಣದ ಬಟ್ಟಲು, ಡಾಂಬರಿನ ಡಬ್ಬಿ ಹಿಡಿದು ಇಲ್ಲಿಗೆ ಬಂದಳು. ಚಿಕ್ಕವನ ಹೆಸರನ್ನು ಅಳಿಸಿ ದೊಡ್ಡವನ ಹೆಸರು ಬರೆದಳು.

"ಚಿಕ್ಕೋನು ಬೇಜಾರು ಮಾಡ್ಕೊಳಲ್ಲ, ನೀನು ವಾಪಸು ಬಂದ ಮೇಲೆ ಕೊಟ್ಟುಬಿಡೋಣ ಅಂದ್ಲು ಅವ್ವ," ಎಂದ. "ವಾಪಸು ಬಂದೆ. ಕೊಡಕ್ಕಾಗಲಿಲ್ಲ. ಕಾರ್ಖಾನೆ ಕೆಲಸ ಅದೇ ಹೆಸರಲ್ಲಿ ಸಿಕ್ತು, ಮದುವೆ ಅದೇ ಹೆಸರಲ್ಲಿ ಆಯ್ತು. ಜೈಲಿನ ಭಯ ಬೇರೆ."

ಅವ್ವ ಅಂದಿನಿಂದ ಅವನನ್ನು ಹೆಸರು ಹಿಡಿದು ಕರೆಯಲೇ ಇಲ್ಲವಂತೆ. ಸತ್ತ ಮಗನ ಹೆಸರಿನಿಂದ ಬದುಕಿರುವವನನ್ನು ಕೂಗಲು ನಾಲಗೆ ಬರಲಿಲ್ಲ, ನಿಜವಾದ ಹೆಸರು ಕೂಗಲು ಧೈರ್ಯ ಬರಲಿಲ್ಲ. ಸಾಯುವತನಕ ಮಗಾ, ಮಗಾ ಅಂದಳು, ಅಷ್ಟೇ. ಸಿರಿಲೋನ ಹುಟ್ಟುಹಬ್ಬಕ್ಕೆ ಇವನು ಇಲ್ಲಿಗೆ ಬರುತ್ತಿದ್ದ.

ನನಗೆ ಅಯ್ಯೋ ಅನ್ನಿಸಬೇಕಿತ್ತು. ಬಂದದ್ದು ಕೋಪ. ಇಷ್ಟು ವರ್ಷ ಒಂದೇ ತಟ್ಟೆಯ ಕರಿದ ಬಾಳೆಕಾಯಿ ತಿಂದಿದ್ದೇವೆ. ಅವನಿಗೆ ಗೊತ್ತಿಲ್ಲದ ಗುಟ್ಟು ನನ್ನ ಮನೆಯಲ್ಲಿ ಒಂದೂ ಇಲ್ಲ. ಜೀವನದಲ್ಲಿ ಮೊದಲ ಬಾರಿಗೆ ನಾನು ಏಕವಚನಕ್ಕಿಳಿದೆ.

"ಹಾಗಾದ್ರೆ ನನ್ನ ಮಗಳನ್ನ ತೊಟ್ಟಿ ಮೇಲೆ ಎತ್ತಿ ಹಿಡಿದೋನು ಯಾರೋ? ಪಾದ್ರಿ ಮುಂದೆ, ದೇವರ ಮುಂದೆ, ಸಿರಿಲೋ ಅಂತ ಹೇಳಿದೆಯಲ್ಲ. ಯಾರು ಹಿಡಿದಿದ್ದು?"

ಅವನು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. "ಕೈ ನಂದೇ," ಎಂದ.

ಅವನು ಮತ್ತೆ ಹೇಳಿದ: ಹೆಸರು ಬರೆಯದಿದ್ದರೆ ತಾನು ಆ ಹೆಸರಿನಲ್ಲಿ ಆಡಿದ್ದನ್ನು ಇವತ್ತಲ್ಲ ನಾಳೆ ಎಲ್ಲರೂ ಮರೆಯುತ್ತಾರೆ. ಗೋಡೆಯ ಮೇಲೆ ಆಳೆತ್ತರ ಬರೆದರೆ ಮುಗಿಯಿತು, ಸಿರಿಲೋ ಅಂದರೆ ಚೆಂಡು ಹಿಡಿದ ಮುದುಕನೇ ಆಗುತ್ತಾನೆ. ಬ್ಯಾಟು ಮುಟ್ಟಿಯೇ ನೋಡದ ಮಗುವಿಗೆ ಇದ್ದದ್ದು ಆ ಹೆಸರೊಂದೇ, ಅದನ್ನೂ ಕಸಿದಂತಾಗುತ್ತದೆ. ಡಾಕ್ಟರು ಎದೆಯ ಸದ್ದು ಕೇಳಿ ಮುಖ ಸಪ್ಪೆ ಮಾಡಿದ್ದಾರೆ. ತಾನು ಸತ್ತರೆ ತನ್ನ ಶಿಲುಬೆಯ ಮೇಲೂ ಸಿರಿಲೋ ಎಂದೇ ಬರೆಯುತ್ತಾರೆ. ಅವ್ವ ಚಿಕ್ಕವನಿಂದ ಸಾಲ ತೆಗೆದುಕೊಂಡದ್ದನ್ನು ತೀರಿಸುವವರು ಆಮೇಲೆ ಯಾರೂ ಇರುವುದಿಲ್ಲ.

"ಅದಕ್ಕೆ ಕದ್ದೆ," ಎಂದ.

"ಕದಿಯೋ ಬದಲು ಬಾಯಿ ಬಿಟ್ಟು ಹೇಳಬಹುದಿತ್ತು."

"ತೆಯೋದುಲೋ ಮುಂದೆ?" ಎಂದು ಅವನು ಮುಖ ಸಿಂಡರಿಸಿದ. ಅದೂ ನಿಜವೇ.

ಆದರೂ ಮರುದಿನ ಬೆಳಿಗ್ಗೆ ಅವನೇ ಹೇಳಿದ. ಕಾಫಿ ಕುಡಿದ ಲೋಟ ಕೆಳಗಿಟ್ಟು, ಮುಚ್ಚಳ ಕದ್ದವನು ನಾನು ಎಂದು ಶುರುಮಾಡಿ, ಶಿಲುಬೆಯವರೆಗೆ ಒಂದೂ ಬಿಡದೆ ಹೇಳಿದ. ದೋನ್ಯಾ ವಿಂದಾ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ನಾವೆಲ್ಲ ತೆಯೋದುಲೋನ ಮುಖ ನೋಡಿದೆವು. ಅವನು ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ಲೆಕ್ಕ ಹಾಕಿದ.

"ಹಾಗಾದ್ರೆ ಅಮೇರಿಕಕ್ಕೆ ಹೋದಾಗ ಹದಿನೇಳಲ್ಲ, ಇಪ್ಪತ್ತು," ಎಂದ. "ಇಪ್ಪತ್ತಕ್ಕೆ ಹೋಗೋದ್ರಲ್ಲಿ ಏನಿದೆ? ಮೂರನೇ ಜಾಗ ಬಿಡು."

ನನಗೆ ಅವನ ತಲೆಯ ಮೇಲೆ ಮೇಜನ್ನೇ ಎತ್ತಿಹಾಕಬೇಕು ಅನ್ನಿಸಿತು. ಆದರೆ ನನಗಿಂತ ಮೊದಲು ಕೊಂಪಾದ್ರೆಯೇ ಗ್ಲೌಸನ್ನು ಪಕ್ಕಕ್ಕೆಸೆದು ಎದ್ದ. ಮೂರನೇ ಸ್ಥಾನ ಯಾಕೆ ಬಿಡಬೇಕು ಎಂದು ಅವನು ಕೇಳಿದ. ಕೊನೆಯ ಪಂದ್ಯ ಆಡಿದಾಗ ನೀವೆಲ್ಲ ನನಗೆ ಮೂವತ್ತೆಂಟು ಅಂದುಕೊಂಡಿದ್ದಿರಿ, ನಲವತ್ತೊಂದಾಗಿತ್ತು. ನಲವತ್ತೊಂದರಲ್ಲಿ ಶಾರ್ಟ್‌ಸ್ಟಾಪ್ ನಿಂತವನು ಈ ದ್ವೀಪದಲ್ಲಿ ಇನ್ಯಾರಿದ್ದಾರೆ, ತೋರಿಸಿ. ಅಮಾನ್ಸಿಯೋನ ಭುಜ ಮೂವತ್ತಕ್ಕೇ ಮುಗಿದಿರಲಿಲ್ಲವೇ? ಹೀಗೆ ಒಂದೇ ಉಸಿರಿಗೆ ಹೇಳಿದ. ನಾನು, ನನ್ನ, ನನಗೆ ಎನ್ನುವ ಮಾತುಗಳನ್ನು ಆಟದ ವಿಷಯದಲ್ಲಿ ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಬಿಸಿಲು ಇಳಿಯುವವರೆಗೆ ವಾದ ನಡೆಯಿತು. ಊಟಕ್ಕೆ ಯಾರೂ ಏಳಲಿಲ್ಲ, ಎಣ್ಣೆಬಟ್ಟೆಯನ್ನು ಯಾರೂ ಹೊದಿಸಲಿಲ್ಲ. ದೋನ್ಯಾ ವಿಂದಾ ಸುಟ್ಟ ರೊಟ್ಟಿ, ಸಲಾಮಿ ತಂದಿಟ್ಟು ಪೊರಕೆಯನ್ನು ಕೈಗೆಟುಕುವಲ್ಲಿ ಇಟ್ಟುಕೊಂಡಳು. ಕೊನೆಗೆ ಹದಿನೇಳರ ಹೆಮ್ಮೆ ಹೋದದ್ದು ಹೋಯಿತು ಎಂದು ಒಪ್ಪಿ ಅಮಾನ್ಸಿಯೋನನ್ನು ಮೂರಕ್ಕೆ ಏರಿಸಿದೆವು, ನಲವತ್ತೊಂದರ ಹೆಮ್ಮೆಗೆ ನಾಲ್ಕನೇ ಸ್ಥಾನ ಗಟ್ಟಿಯಾಯಿತು. ತೆಯೋದುಲೋನೇ ಹೊಸ ಮುಚ್ಚಳದಲ್ಲಿ ರುಫಿನೋ ಎಂದು ಕೊರೆದ. ಕೆಳಗಿಳಿದವನ ಮುಖದಲ್ಲಿ ನಗು ನೋಡಿ, ಇದರಲ್ಲೂ ಏನೋ ಮೋಸ ಇದೆ ಎಂದು ಗೊಣಗಿದ.

ಚಿತ್ರಗಾರ ಗೋಡೆ ಬರೆಯುವಾಗ ನಾವು ಸರದಿಯ ಮೇಲೆ ಹಿಂದೆ ನಿಂತೆವು. ಅವನ ಕೈಗೆ ಪುರಸಭೆ ಯಾವ ಹೆಸರು ತುರುಕಿದೆಯೋ ಯಾರಿಗೆ ಗೊತ್ತು. ಪುರಸಭೆಯವನೊಬ್ಬ ಬಂದೇ ಬಂದ. ನಾಲ್ಕನೆಯವನ ಕೆಳಗೆ ಓದಿ, ಯಾರು ಈ ರುಫಿನೋ, ಗುರುತಿನ ಚೀಟಿಯಲ್ಲಿರುವ ಹೆಸರೇ ಬೇಕು ಎಂದ. ಸಿರಿಲೋ ಬೇಡವೇ ಬೇಡ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ತೆಯೋದುಲೋ ಅವನೆದುರು ಹೋಗಿ ನಿಂತ.

"ಇವನು ಆಡೋವಾಗ ನೀನು ಹುಟ್ಟಿರಲಿಲ್ಲ. ನಮ್ಮ ತಂಡದಲ್ಲಿ ಯಾರಿದ್ರು ಅಂತ ನಮಗೇ ಹೇಳಿಕೊಡ್ತೀಯಾ? ಕಾಗದ ನೀನಿಟ್ಕೋ. ಗೋಡೆ ನಮ್ಮದು."

ಪುರಸಭೆಯವನು ನಮ್ಮನ್ನೆಲ್ಲ ಒಮ್ಮೆ ನೋಡಿದ. ಚುನಾವಣೆ ಹತ್ತಿರವಿತ್ತು. ಸುಮ್ಮನೆ ಹೋದ.

ಗೋಡೆ ಮುಗಿದ ಮೇಲೆ ಉಳಿದ ಬಣ್ಣದ ಡಬ್ಬಿ ಹಿಡಿಸಿಕೊಂಡು ಚಿತ್ರಗಾರನನ್ನು ಬತೇಯ್ ಪಲೋಮಾಗೆ ಕರೆದೊಯ್ದೆವು. ಯಾರೂ ಕರೆಯದಿದ್ದರೂ ತೆಯೋದುಲೋ ವ್ಯಾನಿನಲ್ಲಿ ಬಂದು ಕೂತಿದ್ದ. ಗೋರಿ ನಿಜವಾಗಿಯೂ ಇದೆಯೋ ಅಥವಾ ಇದೆಲ್ಲ ಹೆಣೆದ ಕಥೆಯೋ ಕಣ್ಣಾರೆ ನೋಡಬೇಕಂತೆ. ಗಿಡ್ಡ ಗೋರಿಯನ್ನೂ ಮಣ್ಣಿನಲ್ಲಿ ಒತ್ತಿದ್ದ ಮುಚ್ಚಳಗಳನ್ನೂ ನೋಡಿ ಟೋಪಿ ತೆಗೆದ, ಮತ್ತೆ ಹಾಕಿಕೊಳ್ಳಲಿಲ್ಲ.

ಚಿತ್ರಗಾರ ಶಿಲುಬೆಗೆ ಬಿಳಿ ಬಳಿದು, ಅದು ಆರಿದ ಮೇಲೆ ಕಪ್ಪಿನಲ್ಲಿ ಸಿರಿಲೋ ಎಂದು ಬರೆದ. ಇನ್ನೇನಾದರೂ ಬರೆಯಬೇಕೇ ಎಂದು ಕೇಳಿದ್ದಕ್ಕೆ ಕೊಂಪಾದ್ರೆ ಬೇಡವೆಂದು ತಲೆಯಾಡಿಸಿದ. ನಾವು ಅವನನ್ನು ಅಲ್ಲೇ ಬಿಟ್ಟು ರಸ್ತೆಗೆ ಬಂದೆವು. ಅವನು ನಮಗೆ ಬೆನ್ನು ಮಾಡಿ, ಗೋರಿಯೆದುರು ನಿಂತೇ ಇದ್ದ. ವ್ಯಾನಿನವನು ಹಾರನ್ ಹೊಡೆದ.

"ರುಫಿನೋ, ಗಾಡಿ ಹೊರಡುತ್ತೆ ಬಾರಯ್ಯ," ಎಂದು ತೆಯೋದುಲೋ ಕೂಗು ಹಾಕಿದ.

ಅವನು ತಿರುಗಲಿಲ್ಲ. ತೆಯೋದುಲೋ ಇನ್ನೂ ಗಟ್ಟಿಯಾಗಿ ಕರೆದ. ತಿರುಗಲಿಲ್ಲ. ಇವನಿಗೆ ಕಿವಿಯೂ ಹೋಗಿದೆಯೋ ಅಥವಾ ಅದೂ ನಾಟಕವೋ ಎಂದು ನನ್ನನ್ನು ಕೇಳಿದ. ಕಿವಿ ನೆಟ್ಟಗಿದೆ, ಇನ್ನೊಮ್ಮೆ ಕರಿ ಎಂದೆ. ತೆಯೋದುಲೋ ಕಾಲುದಾರಿಯಲ್ಲಿ ನಾಲ್ಕು ಹೆಜ್ಜೆ ಹೋಗಿ, ಈ ಸಲ ಮೆಲ್ಲಗೆ ಕರೆದ.

ಅವನು ತಲೆಯೆತ್ತಿದ. ಮೊದಲು ಕಬ್ಬಿನ ಕಡೆ, ಆಮೇಲೆ ಕೇರಿಯ ಕಡೆ ನೋಡಿದ. ಕೊನೆಗೆ ನಮ್ಮ ಕಡೆ ತಿರುಗಿದ.

"ನನ್ನನ್ನಾ?" ಎಂದು ಕೇಳಿದ.

"ಇನ್ಯಾರನ್ನ?" ಎಂದ ತೆಯೋದುಲೋ.